ಗೊತ್ತಿಲ್ಲ ಎನ್ನುವ ಪಾಠ

ಜನವರಿ 15, 1888. ಭಾನುವಾರ ಬೆಳಿಗ್ಗೆ

ಹಿಮ ಮುಚ್ಚಿದ್ದನ್ನು ವಸಂತ ಕ್ಷಮಿಸುತ್ತದೆ... ಹಾಗೇ ಇತ್ತೇ ಆ ಸಾಲು? ನಮ್ಮ ಡೇನಿಷ್ ನಾಡಿನಲ್ಲಿ, ಓಲ್ಬೋರ್ಗಿನ ಮನೆಯಲ್ಲಿ, ಅಪ್ಪ ಓದುತ್ತಿದ್ದ ಪದ್ಯ. ಪುಸ್ತಕ ಕಡಲಾಚೆಗೇ ಉಳಿಯಿತು. ಕ್ಷಮಿಸುತ್ತದೆ ಎಂದಿತ್ತೋ, ತೋರಿಸುತ್ತದೆ ಎಂದಿತ್ತೋ. ಮೂವತ್ತು ವರ್ಷದಿಂದ ಸಾಲ್ಟ್ ಲೇಕ್ ಸೀಮೆಯ ಈ ಕಣಿವೆಯಲ್ಲಿ ಹಿಮ ಕರಗುವುದನ್ನು ನೋಡಿದ್ದೇನೆ. ಕೆಳಗೆ ಸಿಕ್ಕಿದ್ದು ಸತ್ತ ಕುರಿ, ತುಕ್ಕು ಹಿಡಿದ ಸನಿಕೆ. ಕ್ಷಮೆ ಸಿಕ್ಕಿದ ನೆನಪಿಲ್ಲ. ಬರೆದವನು ಪೇಟೆಯವನಿರಬೇಕು.

ಮೂರೇ ಮೊಟ್ಟೆ. ಭಾನುವಾರ ಇಟ್ಟ ಮೊಟ್ಟೆಯೆಲ್ಲ ಮಾಂಟೈಯಲ್ಲಿ ಕಟ್ಟುತ್ತಿರುವ ಮಂದಿರದ ಖರ್ಚಿಗೆ. ಅವನ್ನು ಕೂಡಿಸಲು ಬುಟ್ಟಿ ಹಿಡಿದು ಬಂದ ಪಕ್ಕದ ಮನೆ ಡೋರ್ತೆ, ನಿನ್ನ ಕೋಳಿಗಳಿಗೆ ದೇವರ ಭಯವೇ ಇಲ್ಲ ಎಂದು ಹೀಯಾಳಿಸಿದಳು. ಊರಿನ ಅರ್ಧ ಮಕ್ಕಳನ್ನು ಈ ಲೋಕಕ್ಕೆ ತಂದ ಸೂಲಗಿತ್ತಿ. ಎಪ್ಪತ್ತಾಯಿತು, ನಾಲಿಗೆಗೆ ಇನ್ನೂ ಇಪ್ಪತ್ತು. ಒಲೆಯ ಬಳಿ ಕೂತು ಕಾಫಿ ಕುಡಿದಳು. ಸಂತರು ಎಂದು ಕರೆದುಕೊಳ್ಳುವ ನಮ್ಮ ಪಂಥದವರು ಕಾಫಿ ಕುಡಿಯಬಾರದು. "ಬಿಷಪ್ ಕೇಳಿದರೆ ಗೊತ್ತಿಲ್ಲ ಅಂದುಬಿಡ್ತೀನಿ. ನೀನೇ ಕಲಿಸಿದ ಪಾಠ ತಾನೇ?"

ಇಬ್ಬರು ಹೆಂಡಿರಿರುವುದು ಸರ್ಕಾರದ ಕಣ್ಣಿಗೆ ಅಪರಾಧ; ಹಿಡಿಯುತ್ತಾರೆಂದು ನನ್ನ ಗಂಡ ಮೋರ್ಟೆನ್ ಮನೆ ಬಿಟ್ಟು ನಾಲ್ಕು ತಿಂಗಳು. ಪಶ್ಚಿಮದ ಕುರಿಹಟ್ಟಿಗಳಲ್ಲಿ ಎಲ್ಲೋ ಇದ್ದಾನೆ. ಎಲ್ಲಿ ಎಂದು ನನಗೂ ಹೇಳಿಲ್ಲ. ಸಿಸೆಲ್‌ಗೂ ಹೇಳಿಲ್ಲ ಎಂದುಕೊಂಡಿದ್ದೇನೆ. ಸಿಸೆಲ್ — ಕಾಲುವೆಯ ಆಚೆ ದಡದ ಮನೆಯವಳು. ಅವನ ಎರಡನೆಯವಳು.

ಜನವರಿ 21, ಶನಿವಾರ

ಮಧ್ಯಾಹ್ನ ಪಾಠ. ಏಳು ಮಕ್ಕಳು. ಎಲ್ಲ ಎರಡನೆಯ, ಮೂರನೆಯ ಹೆಂಡಿರ ಮಕ್ಕಳು. ಓದಿದವಳು, ಮೇಷ್ಟರ ಮಗಳು, ನೀನೇ ಕಲಿಸಬೇಕು ಎಂದು ಬಿಷಪ್ ಒಪ್ಪಿಸಿದ ಕೆಲಸ. ದೊಡ್ಡವರ ಬಾಯಿ ಬಿಡಿಸಲಾಗದಿದ್ದರೆ ಹಿಡಿಯಲು ಬರುವ ಸರ್ಕಾರಿ ಮಾರ್ಷಲ್‌ನ ಡೆಪ್ಯುಟಿಗಳು ಮಕ್ಕಳನ್ನು ಕೇಳುತ್ತಾರೆ. ಮೇಲಿನ ಊರಿನಲ್ಲಿ ಐದು ವರ್ಷದ ಮಗುವೊಂದು ಹುಲ್ಲಿನ ಬಣವೆಯತ್ತ ಬೆರಳು ತೋರಿಸಿತು. ಅದರೊಳಗೆ ಅಡಗಿದ್ದ ಅಪ್ಪ ಆರು ತಿಂಗಳು ಜೈಲಿಗೆ ಹೋದ.

ಮೋರ್ಟೆನ್‌ನ ಹಳೆಯ ಹ್ಯಾಟು ಹಾಕಿಕೊಂಡು ನಾನೇ ಡೆಪ್ಯುಟಿಯಾಗುತ್ತೇನೆ. ಮಕ್ಕಳು ಕೈ ಹಿಂದೆ ಕಟ್ಟಿ ಸಾಲಾಗಿ ನಿಲ್ಲುತ್ತಾರೆ. ನಿನ್ನ ಪೂರ್ತಿ ಹೆಸರು? ಗೊತ್ತಿಲ್ಲ. ಅಪ್ಪನ ಹೆಸರು? ಗೊತ್ತಿಲ್ಲ. ಆ ಮನೆ ಯಾರದು? ಗೊತ್ತಿಲ್ಲ. ಸರಿಯಾಗಿ ಹೇಳಿದವರಿಗೆ ಒಣಸೇಬಿನ ಹೋಳು. ಆಮೇಲೆ ಉಪಾಯದ ಪ್ರಶ್ನೆಗಳು. ನಿಮ್ಮಪ್ಪನೇ ನನ್ನನ್ನು ಕಳಿಸಿದ್ದು ಕಂದಾ, ಅನ್ನುತ್ತೇನೆ. ಹ್ಯಾಟು ತೆಗೆದಿಟ್ಟು, ಪಾಠ ಮುಗಿಯಿತು, ಈಗ ನಿಜ ಹೇಳಿ ಎನ್ನುತ್ತೇನೆ. ಮೊದಮೊದಲು ಎಲ್ಲರೂ ಅದಕ್ಕೆ ಬೀಳುತ್ತಿದ್ದರು. ಈಗ ಇಲ್ಲ. ಯಾರು ಹೇಳಿದರೂ ನಂಬಬಾರದು, ನಾನು ಹೇಳಿದರೂ ನಂಬಬಾರದು ಎಂದು ಕಲಿಸಿದ್ದೇನೆ.

ಎಲ್ಲರಿಗಿಂತ ಜಾಣೆ ಎಲ್ನಾ. ಸಿಸೆಲ್‌ಳ ಮಗಳು. ಏಳೂವರೆ. ಮೋರ್ಟೆನ್‌ನ ಹಣೆ, ಮೋರ್ಟೆನ್‌ನ ಕಿವಿ. ಹತ್ತು ಹೋಳು ಗೆದ್ದಳು.

ಜನವರಿ 28, ಶನಿವಾರ

ಬರೆಯಬೇಕೋ ಬೇಡವೋ. ಓದುವವರಿಲ್ಲ, ಬರೆಯುತ್ತೇನೆ.

ಉಳಿದವರನ್ನು ಕಳಿಸಿ ಎಲ್ನಾಳನ್ನು ಉಳಿಸಿಕೊಂಡೆ. ಇನ್ನಷ್ಟು ಗಟ್ಟಿಯಾಗಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಗಟ್ಟಿಯಾಗುವುದೇನೂ ಉಳಿದಿರಲಿಲ್ಲ. ಬಿಷಪ್ ಕೊಟ್ಟ ಪ್ರಶ್ನೆಗಳಲ್ಲಿ ಇಲ್ಲದ ಒಂದನ್ನು ಕೇಳಿದೆ. ನಿನಗೆ ಅಪ್ಪ ಇದ್ದಾನಾ?

ಗೊತ್ತಿಲ್ಲ ಅಂದಳು.

ಅಲ್ಲ, ಇದಕ್ಕೆ ಗೊತ್ತಿಲ್ಲ ಅನ್ನಬಾರದು, ಇಲ್ಲ ಅನ್ನಬೇಕು ಎಂದೆ. ಹೇಳು. ನನಗೆ ಅಪ್ಪ ಇಲ್ಲ.

ಹೇಳಿದಳು. ಮತ್ತೆ ಕೇಳಿದೆ. ಹೇಳಿದಳು. ಆರನೆಯದೋ ಏಳನೆಯದೋ ಸಲಕ್ಕೆ ಗಲ್ಲ ನಡುಗಿತು. ನಿಲ್ಲಿಸಬಹುದಿತ್ತು. ಮತ್ತೆ ಕೇಳಿದೆ. ಕೇಳಿದ ಹಾಗೆಲ್ಲ ನನ್ನೊಳಗೆ ಎಲ್ಲೋ ಹಿತವಾಗುತ್ತಿತ್ತು — ಒಲೆಯ ಮುಂದೆ ಕೈ ಕಾಯಿಸಿದ ಹಾಗೆ. ಅದು ಏನೆಂದು ನನಗೆ ಆಗಲೇ ಗೊತ್ತಿತ್ತು.

ಹೋಗುವಾಗ ಇಡೀ ಸೇಬಿನಷ್ಟು ಹೋಳು ಕೊಟ್ಟೆ. ಥ್ಯಾಂಕ್ಸ್ ದೊಡ್ಡಮ್ಮ ಎಂದಳು.

ಫೆಬ್ರವರಿ 9, ಗುರುವಾರ

ಬಂದರು. ಇಬ್ಬರು, ಹೊತ್ತು ಏರಿದ ಮೇಲೆ, ಕುದುರೆಯ ಮೇಲೆ. ಸಿಸೆಲ್ ಒಳಗೆ ಉಸಿರು ಹಿಡಿದು ನಿಂತಿದ್ದಳಂತೆ. ಎಲ್ನಾ ಕಾಲುವೆಯ ಹತ್ತಿರ ಬಾತುಗಳಿಗೆ ದಾರಿ ಮಾಡಲು ಮಂಜುಗಡ್ಡೆ ಒಡೆಯುತ್ತಿದ್ದಳು. ನಾನು ನನ್ನ ಕಿಟಕಿಯಲ್ಲಿ.

ಹಿರಿಯ ಡೆಪ್ಯುಟಿ ಕುದುರೆಯಿಂದ ಇಳಿದು ಕುಕ್ಕರಗಾಲಿನಲ್ಲಿ ಕೂತು ಮಾತಾಡಿಸಿದ. ನಮ್ಮ ಡೇನಿಷ್ ಮಾತು ಬಲ್ಲವನು. ನಿಮ್ಮಪ್ಪ ಎಲ್ಲಮ್ಮಾ? ಅವಳು ಕೈ ಹಿಂದೆ ಕಟ್ಟಿಕೊಂಡು ನೆಟ್ಟಗೆ ನಿಂತಳು. "ನನಗೆ ಅಪ್ಪ ಇಲ್ಲ."

ಅವನು ಟೋಪಿ ತೆಗೆದ. ಸತ್ತಿದ್ದಾನೆ ಅಂದುಕೊಂಡಿರಬೇಕು. ಹೊರಟುಹೋದರು.

ಸಂಜೆಗೆ ಊರೆಲ್ಲ ಅದೇ ಮಾತು. ಬಿಷಪ್ ಖುದ್ದಾಗಿ ಬಂದು ನನ್ನ ಕೈ ಕುಲುಕಿದರು. ಸಿಸೆಲ್ ಕಾಲುವೆ ದಾಟಿ ಬಂದು, ನಿನ್ನ ಋಣ ತೀರಿಸೋಕಾಗಲ್ಲ ಅಕ್ಕಾ ಎಂದು ನನ್ನ ಭುಜಕ್ಕೆ ಒರಗಿ ಅತ್ತಳು. ಅವಳ ತಲೆ ಸವರಿದೆ. ಸವರಿದ ಕೈ ನನ್ನದೇ.

ಮಾರ್ಚ್ 4, ಭಾನುವಾರ

ಮೊದಲು ಬಂದು ನೆಲೆಸಿದವರ ಜೀವನ ಬರೆದಿಡಬೇಕಂತೆ. ನಮ್ಮ ಜನ ಇಲ್ಲಿಗೆ ಬಂದ ನೆನಪಿನ ಜುಲೈ ಇಪ್ಪತ್ತನಾಲ್ಕರ ಹಬ್ಬಕ್ಕೆ ಒಬ್ಬೊಬ್ಬರದನ್ನು ಓದುವುದು, ಓದುವಾಗ ಅವರ ಮಕ್ಕಳು ಎದ್ದು ನಿಲ್ಲುವುದು. ಮೋರ್ಟೆನ್‌ನದನ್ನು ನಾನು ಬರೆಯಬೇಕು. ಒಂದು ಮಾತು ಮಾತ್ರ, ಎಂದರು ಬಿಷಪ್ — ಆಚೆ ದಡದ ಸಂಸಾರ ಕಾಗದದ ಮೇಲೆ ಬರಬಾರದು. ಯಾರ ಕೈಗೋ ಸಿಕ್ಕರೆ ಕೋರ್ಟಿನಲ್ಲಿ ಅದೇ ಸಾಕ್ಷಿ.

ಸರಿ ಎಂದೆ. ಸರಿ ಎನ್ನಲು ಒಂದು ಗಳಿಗೆಯೂ ತಡೆಯಲಿಲ್ಲ.

ಮಾರ್ಚ್ 11

ಬರೆದಿದ್ದು:

ಮೋರ್ಟೆನ್ ಬ್ರೋಗೋರ್. ಹುಟ್ಟಿದ್ದು ಯೂಲೆಂಡಿನಲ್ಲಿ, ನೇಕಾರರ ಮನೆ. 1857ರಲ್ಲಿ, ಇಪ್ಪತ್ತಮೂರನೇ ವಯಸ್ಸಿನಲ್ಲಿ, ಕೈಗಾಡಿ ಎಳೆದುಕೊಂಡು ಬಯಲು ದಾಟಿದ. ತಲೆಗೆ ಹದಿನೇಳು ಪೌಂಡ್ ಸಾಮಾನು, ಅದಕ್ಕಿಂತ ಹೆಚ್ಚಿಲ್ಲ...

ಬರೆಯದೆ ಬಿಟ್ಟದ್ದು: ತೂಕದ ದಿನ ನನ್ನ ಅಮ್ಮ ಗಡಿಯಾರವನ್ನು ಲಂಗದೊಳಗೆ ಕಟ್ಟಿಕೊಂಡು ತಕ್ಕಡಿಯ ಪಕ್ಕ ನಿಂತಿದ್ದಳು. ಅದು ಗಂಟೆ ಹೊಡೆಯಿತು. ಎಲ್ಲರೂ ನಕ್ಕರು. ಹುಲ್ಲಿನ ಮೇಲೆ ಬಿಟ್ಟು ಬಂದೆವು. ನನಗೆ ಹದಿನೇಳು, ನಾಚಿ ಸತ್ತೆ. ಅಚ್ಚಿಗೆ ಹಚ್ಚಲು ಕೀಲೆಣ್ಣೆ ಮುಗಿದಾಗ ನಮ್ಮ ಪಾಲಿನ ಹಂದಿಕೊಬ್ಬನ್ನೇ ಸವರಿದೆವು. ಗಾಡಿ ಸುಮ್ಮನೆ ಓಡಿತು, ಹೊಟ್ಟೆ ಕಿರುಗುಟ್ಟಿತು. ಅಮ್ಮನಿಗೆ ಕಾಲು ಬಾರದಾದಾಗ ಮೋರ್ಟೆನ್ ಅವಳನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಒಂಬತ್ತು ದಿನ ಎಳೆದ, ಹಾಡುತ್ತಾ. ಒಂದೇ ಹಾಡು, ಹಂದಿ ಕಾಯುವವನ ಹಾಡು, ಅಶ್ಲೀಲ. ಅಮ್ಮ ಸಾಯುವ ಹಿಂದಿನ ದಿನವೂ ಅದನ್ನು ಕೇಳಿ ನಕ್ಕಳು. ಅದಕ್ಕೇ ಅವನನ್ನು ಮದುವೆಯಾದೆ.

ಇಲ್ಲಿಗೆ ಬಂದ ಮೇಲೆ ಅವನು ಹಾಡಲಿಲ್ಲ. ಕಾಲುವೆ ತೋಡಿದ, ಮಿಡತೆ ಓಡಿಸಿದ, ಇಬ್ಬರು ಗಂಡುಮಕ್ಕಳನ್ನು ಬೆಳೆಸಿದ, ನಾಲ್ಕು ವರ್ಷದ ಮಗಳನ್ನು ಗಂಟಲುಮಾರಿಗೆ ಕೊಟ್ಟು ಮಣ್ಣು ಮಾಡಿದ. ಹಾಡಲಿಲ್ಲ.

ಹತ್ತು ವರ್ಷದ ಹಿಂದೆ ಬಿಷಪ್ ಹೇಳಿದರು, ಎರಡನೆಯವಳನ್ನು ಮಾಡಿಕೋ ಎಂದು. ಮೊದಲ ಹೆಂಡತಿ ಒಪ್ಪಬೇಕು, ಒಪ್ಪಿದೆ. ಮದುವೆಯಲ್ಲಿ ಅವಳ ಕೈ ಹಿಡಿದು ಗಂಡನ ಕೈಯೊಳಗೆ ಇಡಬೇಕಾದವಳೂ ನಾನೇ. ಇಟ್ಟೆ. ಇಪ್ಪತ್ತು ವರ್ಷದ ಹುಡುಗಿ, ಬೆವರಿದ ಅಂಗೈ. ಆಗ ಹೊಟ್ಟೆಕಿಚ್ಚಾಗಲಿಲ್ಲ, ದೇವರಾಣೆ ಆಗಲಿಲ್ಲ. ಎಲ್ನಾ ಹುಟ್ಟಿದ ಬೇಸಗೆ ಒಂದು ಸಂಜೆ ಹಿಟ್ಟು ನಾದುತ್ತಿದ್ದೆ. ಕಾಲುವೆಯ ಆಚೆಯಿಂದ ಕೇಳಿಸಿತು. ಹಂದಿ ಕಾಯುವವನ ಹಾಡು.

ಮಾರ್ಚ್ 17, ಶನಿವಾರ

ಪಾಠಕ್ಕೆ ಬಂದ ಎಲ್ನಾ ಮೇಜಿನ ಮೇಲಿದ್ದ ಹಾಳೆ ಓದುತ್ತಾ ನಿಂತಿದ್ದಳು. ಓದಲು ಕಲಿಸಿದವಳೂ ನಾನೇ. "ಮಕ್ಕಳು" ಎಂದಿರುವ ಕಡೆ ಅವಳ ಬೆರಳು. ಮೂರು ಹೆಸರು — ನನ್ನ ಇಬ್ಬರು ಹುಡುಗರು, ಸತ್ತುಹೋದ ಮಗಳು.

ಸಾಲಿಗೆ ಹೋಗಿ ಕೈ ಹಿಂದೆ ಕಟ್ಟಿ ನಿಂತಳು.

ಮೇ 22, ಮಂಗಳವಾರ

ಎರಡು ತಿಂಗಳಿಂದ ಬರೆದಿಲ್ಲ. ಬಿತ್ತನೆ, ಕುರಿ ಉಣ್ಣೆ, ಗೋಡೆಗೆ ಸುಣ್ಣ ಬಳಿಯುವುದು. ನೆಪಗಳು.

ನಿನ್ನೆ ಮಾಂಟೈಯಲ್ಲಿ ಮಂದಿರದ ಪ್ರತಿಷ್ಠೆ. ನಮ್ಮ ಮೊಟ್ಟೆಗಳಿಂದ ಎದ್ದ ಗೋಡೆ ಎಂದು ಹೆಂಗಸರೆಲ್ಲ ಮುಟ್ಟಿ ನೋಡಿದರು. ನಾನು ಮುಟ್ಟಲಿಲ್ಲ.

ಬಿಷಪ್ ಕಿವಿಯಲ್ಲಿ ಹೇಳಿದರು: ಮುಂದಿನ ಮಂಗಳವಾರ ಎಲ್ನಾಗೆ ಎಂಟು ತುಂಬುತ್ತದೆ. ನಮ್ಮಲ್ಲಿ ಆ ವಯಸ್ಸಿಗೆ ದೀಕ್ಷಾಸ್ನಾನ. ಮೋರ್ಟೆನ್ ತಾನೇ ನೀರಿಗಿಳಿದು ಮಾಡಿಸುತ್ತಾನಂತೆ. ಅಪ್ಪನ ಹಕ್ಕು ಅದು. ಬೆಳಕು ಹರಿಯುವ ಮುಂಚೆ ಬಂದು ಬೆಳಕಾಗುವಷ್ಟರಲ್ಲಿ ಹೋಗಬೇಕು.

ಎಲ್ನಾಗೆ ಹೇಳುವುದು ಬೇಡ, ಬಾಯಿತಪ್ಪಿ ಯಾರಿಗಾದರೂ ಅಂದರೆ ಕಷ್ಟ ಎಂದಳು ಸಿಸೆಲ್. ಹೇಳಬೇಕು ಎಂದು ನಾನು ಹಟ ಹಿಡಿಯಬೇಕಿತ್ತು.

ಮೇ 29, ಮಂಗಳವಾರ, ಮಧ್ಯಾಹ್ನ

ಗಿರಣಿಯ ಕೊಳ. ಬಿಷಪ್, ಗಿರಣಿಯವನು — ಇಬ್ಬರು ಸಾಕ್ಷಿ. ಸಿಸೆಲ್, ನಾನು. ಎಲ್ನಾ ಬಿಳಿ ಅಂಗಿಯಲ್ಲಿ, ನಾನೇ ಹೊಲಿದದ್ದು. ಪೂರ್ವದ ಬೆಟ್ಟದ ಅಂಚು ಆಗಷ್ಟೆ ಬೂದಾಗಿತ್ತು.

ವಿಲೋ ಗಿಡಗಳಿಂದ ಮೋರ್ಟೆನ್ ಹೊರಬಂದ. ಎಂಟು ತಿಂಗಳು. ಗಡ್ಡ ಬೋಳಿಸಿದ್ದ, ಕಪ್ಪಾಗಿದ್ದ, ತೆಳ್ಳಗಾಗಿದ್ದ. ನನ್ನತ್ತ ತಲೆ ಬಾಗಿಸಿದ. ಮಾತಾಡಲು ಸಮಯವಿರಲಿಲ್ಲ. ಸೊಂಟದಷ್ಟು ನೀರಿಗಿಳಿದು ಕೈ ಚಾಚಿದ. "ಬಾ ಮಗಳೇ. ತಣ್ಣಗಿದೆ, ಒಂದು ಸಲ ಉಸಿರು ಹಿಡಿದರೆ ಮುಗೀತು."

ಅವಳು ದಡದಲ್ಲೇ ನಿಂತಳು.

ಪೂರ್ತಿ ಹೆಸರು ಕರೆದು ಮುಳುಗಿಸಬೇಕು. ಭಯ ಬಿಡಿಸಲೆಂದು ಅವನೇ ಕೇಳಿದ, ನಗುತ್ತಾ. "ಎಲ್ಲಿ, ನಿನ್ನ ಪೂರ್ತಿ ಹೆಸರು ಹೇಳು ನೋಡೋಣ."

ಕೈ ಹಿಂದೆ ಕಟ್ಟಿದಳು. "ಗೊತ್ತಿಲ್ಲ."

ಗಿರಣಿಯವನು ನಕ್ಕ. ಮೋರ್ಟೆನ್ ಕೂಡ ನಕ್ಕ. ಭೇಷ್, ಒಳ್ಳೆ ಪಾಠ, ಆದರೆ ಇಲ್ಲಿ ಬೇಡ, ನಾನು ನಿನ್ನ ಅಪ್ಪ ಎಂದ. "ನನಗೆ ಅಪ್ಪ ಇಲ್ಲ." ಸಿಸೆಲ್ ಅವಳ ಭುಜ ಹಿಡಿದು, ಅಪ್ಪ ಕಣೇ, ನೋಡೇ, ಅಪ್ಪ ಎಂದಳು. ಎಲ್ನಾ ತಾಯಿಯ ಮುಖ ನೋಡಲಿಲ್ಲ. ನನ್ನ ಮುಖ ನೋಡಿದಳು. ಸರಿಯಾಗಿ ಹೇಳುತ್ತಿದ್ದೇನಲ್ಲ, ಎನ್ನುವ ಕಣ್ಣು.

ಆಗ ಬಾಯಿ ತೆರೆಯಬೇಕಿತ್ತು. ಕಲಿಸಿದ್ದು ನಾನು ಎನ್ನಲು ಎರಡು ಪದ ಸಾಕಿತ್ತು. ಸಾಕ್ಷಿಗಳಿದ್ದರು. ಸಿಸೆಲ್ ಇದ್ದಳು. ಅವನಿದ್ದ.

ಒಲ್ಲದ ಮಗುವನ್ನು ಮುಳುಗಿಸುವಂತಿಲ್ಲ, ಎಂಟು ವರ್ಷ ಕಾಯುವುದೇ ಅದಕ್ಕೆ. ಮೋರ್ಟೆನ್ ನೀರಿನಲ್ಲೇ ಕಾದ. ಇನ್ನೊಂದು ಸಲ ಕೇಳಿದ. ಇನ್ನೂ ಒಂದು ಸಲ. ಬೆಟ್ಟದ ಮೇಲೆ ಬಿಸಿಲು ಬಂತು, ಹೊರಡು ಎಂದರು ಬಿಷಪ್. ಸ್ವಲ್ಪ ತಡೀರಿ ಎಂದ. ತುಟಿ ನೀಲಿಯಾಗಿತ್ತು. ಕೊನೆಗೆ ಬರಿಗೈಯಲ್ಲಿ ಮೇಲೆ ಬಂದ. ದಾಟಿ ಹೋಗುವಾಗ ನನಗೆ ಹೇಳಿದ್ದು ಇಷ್ಟೇ. "ಚೆನ್ನಾಗಿ ಕಲಿಸಿದ್ದೀಯ, ಬೋಡಿಲ್." ವ್ಯಂಗ್ಯವಿರಲಿಲ್ಲ. ಹುಡುಕಿದೆ, ಇರಲಿಲ್ಲ.

ಈಗ ಸುದ್ದಿ ಬಂತು. ಕಣಿವೆಯ ಬಾಯಿ ದಾಟುವಾಗ ಡೆಪ್ಯುಟಿಗಳು ಅವನನ್ನು ಹಿಡಿದರಂತೆ. ಒದ್ದೆ ಬಟ್ಟೆಯಲ್ಲೇ. ಕಾಲು ಗಂಟೆ ಮುಂಚೆ ಹೋಗಿದ್ದರೆ ಕತ್ತಲಿರುತ್ತಿತ್ತು.

ಜೂನ್ 7. ಉಪವಾಸದ ಗುರುವಾರ

ಸಭೆ. ಮನಸ್ಸಿನಲ್ಲಿದ್ದುದನ್ನು ಯಾರು ಬೇಕಾದರೂ ಎದ್ದು ಹೇಳುವ ದಿನ. ಹೇಳಿಯೇ ಬಿಡುತ್ತೇನೆಂದು ಹೋಗಿದ್ದೆ. ಎದ್ದೆ. ಎಲ್ಲರೂ ತಿರುಗಿದರು — ಮರುಕದ ಮುಖಗಳು. ಜೈಲಿಗೆ ಹೋದವನ ಹೆಂಡತಿ. ಹೊಗಳಿಕೆ ಒಂದು ಕಡೆ, ಮರುಕ ಒಂದು ಕಡೆ, ನಡುವೆ ನಾನು ಬೆಚ್ಚಗೆ.

ಮಳೆಗಾಗಿ ದೇವರಿಗೆ ವಂದನೆ ಎಂದು ಹೇಳಿ ಕೂತುಕೊಂಡೆ.

ಜೂನ್ 19, ಮಂಗಳವಾರ

ಮೋರ್ಟೆನ್ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡನಂತೆ. ಆರು ತಿಂಗಳು. ಸಾಲ್ಟ್ ಲೇಕಿನ ಜೈಲು.

ಸಿಸೆಲ್ ಮನೆಗೆ ಹೋದೆ. ಉಣ್ಣೆ ಹಿಂಜುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ — ಬಿಷಪ್ಪರ ಪಟ್ಟಿಯಲ್ಲಿಲ್ಲದ ಪ್ರಶ್ನೆ, ಎಷ್ಟು ಸಲ ಎನ್ನುವುದು, ಗಲ್ಲ ನಡುಗಿದ್ದು. ಹಿತವಾದದ್ದನ್ನೂ.

ಅವಳ ಕೈ ನಿಲ್ಲಲಿಲ್ಲ. ನಾನು ಋಣ ಅಂದಿದ್ದೆ, ನೀನು ನನ್ನ ತಲೆ ಸವರಿದೆ ಎಂದಳು. ಹೌದು ಎಂದೆ.

"ನನಗ್ಯಾಕೆ ಹೇಳ್ತಿದ್ದೀಯ ಅಕ್ಕಾ? ನಿನ್ನ ಎದೆ ಹಗುರಾಗಲಿ ಅಂತಲಾ? ಹೋಗಿ ಅವಳಿಗೆ ಹೇಳು."

ಜೂನ್ 20

ಹೇಳಿದೆ.

ಕಾಲುವೆಯ ದಡದಲ್ಲಿ ಕೂರಿಸಿಕೊಳ್ಳಲು ನೋಡಿದೆ. ಕೂರಲಿಲ್ಲ. ನನ್ನನ್ನು ಕಂಡ ಕೂಡಲೇ ಕೈ ಹಿಂದೆ ಹೋಯಿತು. ಎಲ್ನಾ, ನಾನು ನಿನಗೆ ಸುಳ್ಳು ಕಲಿಸಿದೆ, ನಿನಗೆ ಅಪ್ಪ ಇದ್ದಾನೆ, ಕೊಳದಲ್ಲಿ ನಿಂತಿದ್ದನಲ್ಲ ಅವನೇ ಎಂದೆ.

ಯೋಚಿಸಿದಳು. ಇದು ಯಾವ ಬಗೆಯ ಪ್ರಶ್ನೆ ಎಂದು ಯೋಚಿಸುವುದು ಮುಖದಲ್ಲಿ ಕಾಣುತ್ತಿತ್ತು. ಹ್ಯಾಟು ತೆಗೆದಿಟ್ಟ ಮೇಲಿನ ಪ್ರಶ್ನೆ.

"ಗೊತ್ತಿಲ್ಲ," ಅಂದಳು. ಕೈ ಚಾಚಿದಳು, ಹೋಳಿಗಾಗಿ.

ಜುಲೈ 8, ಭಾನುವಾರ

ಸಿಸೆಲ್‌ಳೂ ದಿನಾ ಹೇಳುತ್ತಾಳಂತೆ. ತಾಯಿಗೂ ಅದೇ ಉತ್ತರ. ಅಮ್ಮನೂ ಈಗ ಪಾಠ ಮಾಡ್ತಾಳೆ ಅಂದುಕೊಂಡಿದೆ ಮಗು. ದೀಕ್ಷೆಯ ಮಾತೆತ್ತಿದರೆ ಹೆಸರು ಗೊತ್ತಾದ ಮೇಲೆ ಎನ್ನುತ್ತಾಳೆ. ಯಾರೊಡನೆಯೂ ಆಡುವುದಿಲ್ಲ. ಸಿಸೆಲ್ ನನ್ನೊಡನೆ ಮಾತು ಬಿಟ್ಟು ಮೂರು ವಾರ. ಬೆಣ್ಣೆ ಮಾತ್ರ ಎಂದಿನಂತೆ ಹೊಸ್ತಿಲಲ್ಲಿಟ್ಟು ಹೋಗುತ್ತಾಳೆ.

ಒಂದೇ ದಾರಿ ತೋಚುತ್ತಿದೆ. ನನ್ನ ಅಡುಗೆಮನೆಯಲ್ಲಿ ಹೇಳಿದ್ದು ಪಾಠ. ಊರೆಲ್ಲರ ಎದುರು ಹೇಳಿದ್ದು ಪಾಠವಾಗಲಾರದು. ಇಪ್ಪತ್ತನಾಲ್ಕಕ್ಕೆ ಓದುವಾಗ ಅವಳ ಹೆಸರನ್ನೂ ಓದುತ್ತೇನೆ. ಬಿಷಪ್‌ಗೆ ಹೇಳುವುದಿಲ್ಲ. ಡೆಪ್ಯುಟಿಗಳ ಕಿವಿಗೆ ಬಿದ್ದರೆ, ಜೈಲಿನಿಂದ ಹೊರಬಂದ ದಿನವೇ ಅವನನ್ನು ಮತ್ತೆ ಹಿಡಿಯಬಹುದು... ಇದನ್ನು ಅವನನ್ನು ಕೇಳಿ ಮಾಡಬೇಕು. ಕಾಗದ ಬರೆದರೆ ಜೈಲಿನವರು ಓದುತ್ತಾರೆ.

ಕೇಳದೆ ಮಾಡುತ್ತೇನೆ. ಕೇಳಿದ್ದರೆ ಏನನ್ನುತ್ತಿದ್ದ ಎಂದು ಆ ನೀಲಿ ತುಟಿ ನೋಡಿದವರಿಗೆ ಗೊತ್ತು.

ಜುಲೈ 24, ಮಂಗಳವಾರ

ಓದಿದೆ.

ಪೀಪಾಯಿ ಮೇಲೆ ಹಲಗೆ ಹಾಕಿದ ವೇದಿಕೆ. ಬ್ಯಾಂಡು, ನಿಂಬೆ ಪಾನಕ, ಹಳೆಯ ಕೈಗಾಡಿಗೆ ಹೂವು. ಮಕ್ಕಳು ಎನ್ನುವ ಕಡೆ ಬಂದಾಗ ನನ್ನ ಹುಡುಗರಿಬ್ಬರೂ ಎದ್ದು ನಿಂತರು, ಹೆಂಡಿರು ಮಕ್ಕಳ ಸಮೇತ. ಸತ್ತವಳ ಹೆಸರು ಓದಿದೆ. ಆಮೇಲೆ ಹಾಳೆಯಿಂದ ಕಣ್ಣೆತ್ತಿ ಹೇಳಿದೆ: ಎಲ್ನಾ ಬ್ರೋಗೋರ್, ಸಿಸೆಲ್‌ಳಲ್ಲಿ ಹುಟ್ಟಿದವಳು, ಮೋರ್ಟೆನ್‌ನ ಮಗಳು. ಅವಳಿಗೆ ಅಪ್ಪ ಇಲ್ಲ ಎಂದು ಕಲಿಸಿದವಳು ನಾನು. ಅದು ಸುಳ್ಳು. ಬಿಷಪ್ ಕಲಿಸಲು ಹೇಳಿದ್ದಲ್ಲ, ನನ್ನ ಹೊಟ್ಟೆಕಿಚ್ಚಿನದು.

ಬ್ಯಾಂಡಿನವನೊಬ್ಬ ಕೆಮ್ಮಿದ. ಬಿಷಪ್ ಕಣ್ಣು ಮುಚ್ಚಿಕೊಂಡರು. ನನ್ನ ಹಿರಿಯ ಸೊಸೆ ಮುಖ ತಿರುಗಿಸಿದಳು.

ಎಲ್ನಾ ಬೆಂಚಿನ ಮೇಲೆ ಸಿಸೆಲ್ ಪಕ್ಕ. ಏಳಲಿಲ್ಲ. ಸಿಸೆಲ್ ಎದ್ದಳು. ಒಬ್ಬಳೇ, ಮಗಳ ಬದಲು, ನಾನು ಹಾಳೆ ಮಡಚುವವರೆಗೂ ನಿಂತಿದ್ದಳು.

ಜುಲೈ 25, ಬುಧವಾರ, ಬೆಳಿಗ್ಗೆ

ಬಿಷಪ್ ಹೇಳಿಕಳಿಸಿದ್ದಾರೆ: ಶನಿವಾರದ ಪಾಠ ಇನ್ನು ಬೇರೆಯವರು ಮಾಡುತ್ತಾರೆ. ಒಳ್ಳೆಯದು.

ನನ್ನ ಹುಡುಗರು ಬರಲಿಲ್ಲ. ಹಾಲು ಕರೆದೆ. ಹೊಸ್ತಿಲಲ್ಲಿ ಬೆಣ್ಣೆ ಇತ್ತು.

ಬರೆಯುತ್ತಿರುವಾಗಲೇ ಡೋರ್ತೆ ಬಂದಳು. ಒಳಗೆ ಬಾ ಎಂದರೆ ಬರಲಿಲ್ಲ. ಬಾಗಿಲಲ್ಲೇ ನಿಂತು, ಕೋಲಿನ ಮೇಲೆ ಭಾರ ಬಿಟ್ಟು, ಎಂದೂ ಇಲ್ಲದಷ್ಟು ಮೆಲ್ಲಗೆ ಹೇಳಿದಳು —

"ನಿನ್ನ ಎಲ್ನಾ ಬೆಳಿಗ್ಗೆಯೇ ನಮ್ಮನೆಗೆ ಬಂದಿದ್ದಳು ಕಣೆ. ನೆನ್ನೆ ದೊಡ್ಡಮ್ಮ ಓದಿದ್ದು ನಿಜಾನಾ ಅಜ್ಜಿ ಅಂದಳು. ನಿಜ ಮಗಾ ಅಂದೆ. ನಿಮ್ಮಮ್ಮನ ಹೆರಿಗೆ ಮಾಡಿಸಿದವಳೇ ನಾನು, ನಿನ್ನನ್ನ, ತೊಳೆದು ನಿಮ್ಮಪ್ಪನ ಕೈಗೆ ಕೊಟ್ಟವಳೂ ನಾನೇ ಅಂದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಏನಂದಳು ಗೊತ್ತಾ... ಅಜ್ಜಿ, ನಿಮಗೂ ದೊಡ್ಡಮ್ಮನೇ ಪಾಠ ಹೇಳಿಕೊಟ್ಟರಾ, ಅಂದಳು."